ಮಂಜಿನ ಕಡಲಲ್ಲಿ ಸಣ್ಣ ದೋಣಿಗೂ ರಾಡಾರ್ ಬೇಕೆ?

ಇಂಗ್ಲೆಂಡಿನ ಪೂರ್ವ ಕರಾವಳಿಯ ಹಂಬರ್ ನದೀಮುಖದ ಹೊರಗೆ 2025ರ ಮಾರ್ಚ್ 10ರ ಬೆಳಿಗ್ಗೆ ಲಂಗರು ಹಾಕಿ ನಿಂತಿದ್ದ 'ಸ್ಟೆನಾ ಇಮ್ಯಾಕ್ಯುಲೇಟ್' ಎಂಬ ತೈಲವಾಹಕ ಹಡಗಿಗೆ 'ಸೋಲಾಂಗ್' ಎಂಬ ಸರಕು ಹಡಗು ಸುಮಾರು 16 ನಾಟ್ ವೇಗದಲ್ಲಿ ಬಂದು ಅಪ್ಪಳಿಸಿತು. ತೈಲವಾಹಕದಲ್ಲಿದ್ದ ವಿಮಾನ ಇಂಧನ ಹೊತ್ತಿಕೊಂಡಿತು. ಸೋಲಾಂಗ್ ದಿನಗಟ್ಟಲೆ ಉರಿಯಿತು. ಅದರ ನಾವಿಕನೊಬ್ಬ ಮರಳಿ ಸಿಗಲೇ ಇಲ್ಲ. ಆ ಹೊತ್ತಿನಲ್ಲಿ ಆ ಭಾಗದ ಸಮುದ್ರದ ಮೇಲೆ ಅಲ್ಲಲ್ಲಿ ಮಂಜು ಕವಿದಿತ್ತು.

ಇವೆರಡೂ ಅಂತರರಾಷ್ಟ್ರೀಯ ನಿಯಮದಂತೆ ರಾಡಾರ್ ಹೊಂದಿದ್ದ ಹಡಗುಗಳು. ತಮ್ಮ ಹೆಸರು, ಸ್ಥಾನ, ವೇಗಗಳನ್ನು ಸುತ್ತಲಿನವರಿಗೆ ಬಿತ್ತರಿಸುವ ಸ್ವಯಂಚಾಲಿತ ಗುರುತು ವ್ಯವಸ್ಥೆಯೂ, ಅಂದರೆ ಎಐಎಸ್ ಕೂಡ, ಇಂಥ ಹಡಗುಗಳಿಗೆ ಕಡ್ಡಾಯ. ಆದರೆ ಬ್ರಿಟನ್ನಿನ ಸಾಗರ ಅಪಘಾತ ತನಿಖಾ ಸಂಸ್ಥೆ ಮರುತಿಂಗಳು ಹೊರತಂದ ಮಧ್ಯಂತರ ವರದಿಯ ಪ್ರಕಾರ, ಎರಡೂ ಹಡಗುಗಳ ಚಾಲನಾ ಕೊಠಡಿಯಲ್ಲಿ ಕಾವಲಿಗೆಂದೇ ನಿಯೋಜಿತನಾದ ಪ್ರತ್ಯೇಕ ವ್ಯಕ್ತಿ ಇರಲಿಲ್ಲ. 183 ಮೀಟರ್ ಉದ್ದದ, ನಿಂತಲ್ಲೇ ನಿಂತಿದ್ದ ಹಡಗನ್ನು ಇನ್ನೊಂದು ಹಡಗು ತಪ್ಪಿಸಿಕೊಳ್ಳಲಿಲ್ಲ ಎಂದ ಮೇಲೆ, ಆರೇಳು ಮೀಟರ್ ಉದ್ದದ ವಿಹಾರ ದೋಣಿಯ ಪಾಡೇನು ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಹಾಯಿನೌಕೆ, ಯಾಂತ್ರಿಕ ವಿಹಾರ ದೋಣಿಗಳ ಲೋಕದಲ್ಲಿ ಇದು ಹಳೆಯ ಚರ್ಚೆ: ಮಂಜಿನಲ್ಲಿ ಸಂಚರಿಸಬೇಕಾದರೆ ಸಣ್ಣ ದೋಣಿಗೂ ರಾಡಾರ್ ಇರಲೇಬೇಕೆ? ಇರಬೇಕೆಂದು ಕಾನೂನು ಮಾಡಬೇಕೆ?

ಮೇಲ್ನೋಟಕ್ಕೆ ಉತ್ತರ ಸರಳ. ಕಣ್ಣು ಕಾಣದ ಕಡೆ ಕಾಣಿಸುವ ಯಂತ್ರ ಲಭ್ಯವಿದ್ದರೆ ಅದನ್ನು ಬೇಡವೆನ್ನುವುದು ಹೇಗೆ? ಆದರೆ ಕಳೆದ ಏಳು ದಶಕಗಳ ಅಪಘಾತಗಳ ದಾಖಲೆ ಅಷ್ಟು ಸರಳವಾಗಿಲ್ಲ. ರಾಡಾರ್ ಇಲ್ಲದ್ದರಿಂದ ಮುಳುಗಿದ ನೌಕೆಗಳಿರುವಂತೆಯೇ, ರಾಡಾರ್ ತೋರಿಸಿದ್ದನ್ನು ತಪ್ಪಾಗಿ ಓದಿ ಮುಳುಗಿದ ನೌಕೆಗಳೂ ಇವೆ. ಎರಡನೆಯ ಬಗೆಯವುಗಳಿಂದ ಕಲಿಯಬೇಕಾದದ್ದೇ ಹೆಚ್ಚು.

ಕಾನೂನು ಎಲ್ಲಿ ನಿಲ್ಲುತ್ತದೆ

ಸಮುದ್ರದಲ್ಲಿ ಡಿಕ್ಕಿ ತಡೆಯುವ ಅಂತರರಾಷ್ಟ್ರೀಯ ನಿಯಮಾವಳಿ ರೂಪುಗೊಂಡದ್ದು 1972ರಲ್ಲಿ, ಜಾರಿಗೆ ಬಂದದ್ದು 1977ರಲ್ಲಿ. ಎಣ್ಣೆವಾಹಕದಿಂದ ಹಿಡಿದು ಹುಟ್ಟು ಹಾಕುವ ದೋಣಿಯವರೆಗೆ ಸಮುದ್ರದಲ್ಲಿರುವ ಪ್ರತಿಯೊಂದಕ್ಕೂ ಅದು ಅನ್ವಯಿಸುತ್ತದೆ. ಈ ನಿಯಮಾವಳಿ ಯಾರಿಗೂ 'ರಾಡಾರ್ ಕೊಳ್ಳಿ' ಎಂದು ಹೇಳುವುದಿಲ್ಲ. ಅಳವಡಿಸಿದ್ದು ಕೆಲಸ ಮಾಡುವ ಸ್ಥಿತಿಯಲ್ಲಿದ್ದರೆ ಅದನ್ನು ಸರಿಯಾಗಿ ಬಳಸಬೇಕು ಎನ್ನುತ್ತದೆ. ಅದರ ಬೆನ್ನಿಗೇ, ಅರೆಬರೆ ಮಾಹಿತಿಯ ಮೇಲೆ, ಅದರಲ್ಲೂ ರಾಡಾರ್‌ನಿಂದ ಸಿಕ್ಕ ಅರೆಬರೆ ಮಾಹಿತಿಯ ಮೇಲೆ ಊಹೆ ಕಟ್ಟಬಾರದು ಎಂದು ಏಳನೆಯ ನಿಯಮ ಎಚ್ಚರಿಸುತ್ತದೆ. ನಿಯಮ ಬರೆದವರಿಗೆ ಆ ಹೊತ್ತಿಗಾಗಲೇ ಈ ಯಂತ್ರದ ಗುಣವೂ ಅವಗುಣವೂ ಗೊತ್ತಿದ್ದವು.

ರಾಡಾರ್ ಕಡ್ಡಾಯ ಮಾಡುವುದು ಬೇರೆಯೇ ಒಡಂಬಡಿಕೆ. ಸಮುದ್ರದಲ್ಲಿ ಜೀವ ಸುರಕ್ಷತೆಗೆ ಸಂಬಂಧಿಸಿದ 'ಸೋಲಾಸ್' ಒಪ್ಪಂದದ ಐದನೆಯ ಅಧ್ಯಾಯದಂತೆ, 300 ಟನ್ ಮತ್ತು ಅದಕ್ಕೂ ದೊಡ್ಡ ಹಡಗುಗಳಿಗೂ ಪ್ರಯಾಣಿಕ ಹಡಗುಗಳಿಗೂ ರಾಡಾರ್ ಇರಬೇಕು. ಅದಕ್ಕಿಂತ ಚಿಕ್ಕದಾದ ಖಾಸಗಿ ವಿಹಾರ ನೌಕೆಗೆ ಈ ಕಡ್ಡಾಯವಿಲ್ಲ. 150 ಟನ್‌ಗಿಂತ ಸಣ್ಣ ನೌಕೆಗಳು ಸಾಧ್ಯವಾದ ಮಟ್ಟಿಗೆ ರಾಡಾರ್ ಪ್ರತಿಫಲಕವನ್ನು ಇಟ್ಟುಕೊಳ್ಳಬೇಕು ಎಂದಷ್ಟೇ ಅದು ಹೇಳುತ್ತದೆ. ಅಂದರೆ, ಸಣ್ಣವರು ನೋಡಬೇಕೆಂದು ಕಾನೂನು ಒತ್ತಾಯಿಸುವುದಿಲ್ಲ, ದೊಡ್ಡವರ ಕಣ್ಣಿಗೆ ಬೀಳಬೇಕೆಂದು ಬಯಸುತ್ತದೆ. ಅಮೆರಿಕದಲ್ಲಿಯೂ ವಿಹಾರ ದೋಣಿಗೆ ಶಬ್ದ ಮಾಡುವ ಸಾಧನ ಇರಬೇಕು, ರಾಡಾರ್ ಇರಬೇಕೆಂದಿಲ್ಲ.

ಇದಕ್ಕೆ ಯುರೋಪಿನ ರೈನ್ ನದಿ ಗಮನಾರ್ಹ ಅಪವಾದ. ಅಲ್ಲಿ ಮಂಜು ಕವಿದಾಗ ಸಾಗಬಯಸುವ ನೌಕೆಯಲ್ಲಿ ರಾಡಾರ್ ಇರಬೇಕು, ಅದನ್ನು ನಡೆಸುವವರ ಬಳಿ ರಾಡಾರ್ ಅರ್ಹತೆಯ ಪ್ರಮಾಣಪತ್ರ ಇರಬೇಕು, ರೇಡಿಯೊ ಸಂಪರ್ಕ ಇರಬೇಕು. ಇಲ್ಲದವರು ಹತ್ತಿರದ ಸುರಕ್ಷಿತ ತಾಣದಲ್ಲಿ ನಿಲ್ಲಬೇಕು. ಕಿರಿದಾದ ಕಾಲುವೆಯಂಥ ದಾರಿಯಲ್ಲಿ ಸರಕು ದೋಣಿಗಳು ಸಾಲುಗಟ್ಟಿ ಸಾಗುವ ಕಡೆ ಇಂಥ ಬಿಗಿ ನಿಯಮ ಅರ್ಥಪೂರ್ಣ. ಇಲ್ಲಿ ಯಂತ್ರವನ್ನೂ ಅದನ್ನು ಓದಬಲ್ಲ ಮನುಷ್ಯನನ್ನೂ ಒಟ್ಟಿಗೇ ಕೇಳಲಾಗಿದೆ ಎಂಬುದನ್ನು ಮರೆಯಬಾರದು.

'ವಾಕೂನಾ' ಕಲಿಸಿದ್ದು

ಈ ಚರ್ಚೆಯಲ್ಲಿ ಮತ್ತೆ ಮತ್ತೆ ಪ್ರಸ್ತಾಪವಾಗುವುದು 2003ರ ಮೇ 28ರ ಘಟನೆ. ಫ್ರಾನ್ಸಿನ ದಿಯೆಲೆಟ್ ಬಂದರಿನಿಂದ ಇಂಗ್ಲೆಂಡಿನ ದಕ್ಷಿಣ ತೀರಕ್ಕೆ ಮರಳುತ್ತಿದ್ದ 'ವಾಕೂನಾ' ಎಂಬ ಹಾಯಿನೌಕೆ 47 ಅಡಿ ಉದ್ದದ್ದು. ಅದರಲ್ಲಿ ಐವರಿದ್ದರು. ಇಂಗ್ಲಿಷ್ ಕಡಲ್ಗಾಲುವೆಯ ಮೇಲೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಗೋಚರತೆ ಸುಮಾರು 50 ಮೀಟರಿಗೆ ಇಳಿದಿತ್ತು. ಅದೇ ಹೊತ್ತಿಗೆ 'ಪಿ ಅಂಡ್ ಒ ನೆಡ್ಲಾಯ್ಡ್ ವೆಸ್ಪೂಚಿ' ಎಂಬ, 66 ಸಾವಿರ ಟನ್ನಿಗೂ ಹೆಚ್ಚಿನ ಗಾತ್ರದ ಕಂಟೇನರ್ ಹಡಗು 25 ನಾಟ್ ವೇಗದಲ್ಲಿ ಅದೇ ನೀರಿನಲ್ಲಿ ಸಾಗುತ್ತಿತ್ತು.

25 ನಾಟ್ ಎಂದರೆ ಗಂಟೆಗೆ ಸುಮಾರು 46 ಕಿಲೋಮೀಟರ್, ಸೆಕೆಂಡಿಗೆ ಹತ್ತಿರ ಹತ್ತಿರ 13 ಮೀಟರ್. ಮಂಜಿನ ತೆರೆಯನ್ನು ಸೀಳಿ 50 ಮೀಟರ್ ದೂರದಲ್ಲಿ ಹಡಗಿನ ಮೂತಿ ಕಾಣಿಸಿಕೊಂಡರೆ ಉಳಿಯುವುದು ನಾಲ್ಕು ಸೆಕೆಂಡು. ಅಷ್ಟರಲ್ಲಿ ಯಾವ ಚುಕ್ಕಾಣಿಯೂ ಯಾವ ದೋಣಿಯನ್ನೂ ತಿರುಗಿಸಲಾರದು. ಆದ್ದರಿಂದ ನಿರ್ಧಾರ ಆಗಬೇಕಾದದ್ದು ಅದಕ್ಕೂ ಬಹಳ ಮೊದಲು, ರಾಡಾರ್ ಪರದೆಯ ಮೇಲೆ.

ವಿಷಾದದ ಸಂಗತಿಯೆಂದರೆ ವಾಕೂನಾದಲ್ಲಿ ರಾಡಾರ್ ಇತ್ತು, ಅದು ಸರಿಯಾಗಿಯೇ ಕೆಲಸ ಮಾಡುತ್ತಿತ್ತು. ಎರಡೂ ನೌಕೆಗಳು ಸುಮಾರು ಆರು ನಾಟಿಕಲ್ ಮೈಲು ದೂರದಲ್ಲಿರುವಾಗಲೇ ಪರಸ್ಪರ ಪರದೆಯ ಮೇಲೆ ಕಂಡಿದ್ದವು. ಅಷ್ಟು ದೂರ ಕ್ರಮಿಸಲು ಆ ಹಡಗಿಗೆ ಹದಿನಾಲ್ಕು ನಿಮಿಷವಾದರೂ ಬೇಕು. ಹಾಯಿನೌಕೆಯ ಚಾಲಕ ಪರದೆಯನ್ನು ನೋಡಿ, ಹಡಗು ತಮ್ಮ ಮುಂದಿನಿಂದ ಸುರಕ್ಷಿತ ಅಂತರದಲ್ಲಿ ಹಾದುಹೋಗುತ್ತದೆಂದು ಲೆಕ್ಕ ಹಾಕಿ ವೇಗ ತಗ್ಗಿಸಿದರು. ಹಡಗಿನ ಕ್ಯಾಪ್ಟನ್ ತಮ್ಮ ಕಂಪ್ಯೂಟರೀಕೃತ ರಾಡಾರ್ ನೀಡಿದ ಅಂಕಿಯನ್ನು ನಂಬಿ, ಹಾಯಿನೌಕೆ ತಮ್ಮ ಮುಂದೆ ಕಿರಿದಾದ ಅಂತರದಲ್ಲಿ ಪಾರಾಗುತ್ತದೆಂದು ಭಾವಿಸಿದರು. ಒಬ್ಬರು ವೇಗ ತಗ್ಗಿಸಿದ್ದೇ ಇನ್ನೊಬ್ಬರ ಲೆಕ್ಕವನ್ನು ತಲೆಕೆಳಗು ಮಾಡಿತು. ಡಿಕ್ಕಿಯಲ್ಲಿ ಹಾಯಿನೌಕೆಯ ಮುಂಭಾಗ ಛಿದ್ರವಾಯಿತು. ಐವರೂ ಗಾಳಿ ತುಂಬಿದ ಜೀವರಕ್ಷಕ ತೆಪ್ಪಕ್ಕೆ ಇಳಿದರು. ಡಿಕ್ಕಿ ಹೊಡೆದದ್ದು ಹಡಗಿನವರಿಗೆ ತಿಳಿಯಲೇ ಇಲ್ಲ, ಅದು ತನ್ನ ದಾರಿ ಹಿಡಿದು ಹೋಯಿತು. ಗಂಟೆಗಳ ನಂತರ ಆ ಮಾರ್ಗವಾಗಿ ಬಂದ 'ಕಾಂಡರ್ ಎಕ್ಸ್‌ಪ್ರೆಸ್' ಎಂಬ ಫೆರಿ ಅವರನ್ನು ಎತ್ತಿಕೊಂಡಿತು. ಯಾರೂ ಸಾಯಲಿಲ್ಲ.

ತನಿಖಾ ಸಂಸ್ಥೆ ಎರಡೂ ಕಡೆಯವರನ್ನು ಬಿಡಲಿಲ್ಲ. ಹಡಗಿನ ಅತಿವೇಗ, ಯಂತ್ರದ ನಿಖರತೆಯ ಮೇಲೆ ಕ್ಯಾಪ್ಟನ್ ಇಟ್ಟ ಅತಿ ವಿಶ್ವಾಸ, ಸಣ್ಣ ಅಂತರವನ್ನು ಸಾಕೆಂದು ಒಪ್ಪಿದ್ದು ಒಂದು ಕಡೆ. ಮಂಜಿನಲ್ಲಿ ಅನ್ವಯಿಸುವ ನಿಯಮದ ತಪ್ಪು ತಿಳಿವಳಿಕೆ, ರಾಡಾರನ್ನು ಪರಿಣಾಮಕಾರಿಯಾಗಿ ಬಳಸಲಾಗದ್ದು ಇನ್ನೊಂದು ಕಡೆ.

ಆ 'ನಿಯಮದ ತಪ್ಪು ತಿಳಿವಳಿಕೆ' ಸಣ್ಣ ಮಾತಲ್ಲ. ಪರಸ್ಪರ ಕಣ್ಣಿಗೆ ಕಾಣುವಾಗ ಸಮುದ್ರದಲ್ಲಿ ದಾರಿ ಬಿಡಬೇಕಾದವರು, ಬಿಡಿಸಿಕೊಳ್ಳುವವರು ಎಂಬ ವಿಂಗಡಣೆ ಇದೆ. ಸಾಮಾನ್ಯವಾಗಿ ಯಂತ್ರದ ನೌಕೆ ಹಾಯಿಗೆ ದಾರಿ ಬಿಡಬೇಕು. ಮಂಜು ಬಿದ್ದ ಕ್ಷಣ ಈ ವಿಂಗಡಣೆ ರದ್ದಾಗುತ್ತದೆ. ಹತ್ತೊಂಬತ್ತನೆಯ ನಿಯಮದ ಕೆಳಗೆ ಯಾರಿಗೂ ಹಕ್ಕಿಲ್ಲ, ಎಲ್ಲರಿಗೂ ಕರ್ತವ್ಯವಿದೆ. ರಾಡಾರ್‌ನಲ್ಲಿ ಮಾತ್ರ ಇನ್ನೊಂದು ನೌಕೆಯನ್ನು ಕಂಡವರು ಅಪಾಯವಿದೆಯೇ ಎಂದು ನಿರ್ಣಯಿಸಿ, ಸಾಕಷ್ಟು ಮೊದಲೇ ಸರಿಯಬೇಕು. ಎದುರಿನಿಂದ ಬರುವವರಿಗಾಗಿ ಎಡಕ್ಕೆ ತಿರುಗುವುದನ್ನು ಆದಷ್ಟು ತಪ್ಪಿಸಬೇಕು. ಮುಂದಿನಿಂದ ಮಂಜಿನ ಸಂಕೇತದ ಸದ್ದು ಕೇಳಿದರೆ, ಅಪಾಯವಿಲ್ಲವೆಂದು ಖಚಿತವಾಗದ ಹೊರತು, ಚುಕ್ಕಾಣಿ ಹಿಡಿತಕ್ಕೆ ಬೇಕಾದಷ್ಟಕ್ಕೆ ವೇಗ ಇಳಿಸಬೇಕು, ಅಗತ್ಯಬಿದ್ದರೆ ಪೂರ್ತಿ ನಿಲ್ಲಿಸಬೇಕು. ರಾಡಾರ್ ಕೊಂಡವರೆಲ್ಲ ಈ ನಿಯಮವನ್ನು ಓದಿರುತ್ತಾರೆಂಬ ಖಾತರಿ ಏನೂ ಇಲ್ಲ.

ದೊಡ್ಡ ಹಡಗುಗಳ ಲೋಕದಲ್ಲಿ ಈ ಪಾಠ ಇನ್ನೂ ಹಳೆಯದು. 1956ರ ಜುಲೈ 25ರ ರಾತ್ರಿ ಅಮೆರಿಕದ ನಾಂಟಕೆಟ್ ದ್ವೀಪದ ಬಳಿ ಇಟಲಿಯ 'ಆಂಡ್ರಿಯಾ ಡೋರಿಯಾ'ಕ್ಕೆ ಸ್ವೀಡನ್ನಿನ 'ಸ್ಟಾಕ್‌ಹೋಮ್' ಡಿಕ್ಕಿ ಹೊಡೆದು 51 ಜನ ಸತ್ತರು. ಎರಡರಲ್ಲೂ ರಾಡಾರ್ ಇತ್ತು, ಎರಡೂ ಒಂದನ್ನೊಂದು ಪರದೆಯಲ್ಲಿ ಕಂಡಿದ್ದವು. ಇಟಲಿಯ ಹಡಗು ಮಂಜಿನೊಳಗೆ 20 ನಾಟ್‌ಗೂ ಮೀರಿದ ವೇಗದಲ್ಲಿ ಓಡುತ್ತಿತ್ತು. 'ರಾಡಾರ್ ನೆರವಿನ ಡಿಕ್ಕಿ' ಎಂಬ ವ್ಯಂಗ್ಯದ ಮಾತು ನಾವಿಕರ ಬಾಯಲ್ಲಿ ಇಂದಿಗೂ ಉಳಿದಿರುವುದು ಇಂಥ ಪ್ರಕರಣಗಳಿಂದಲೇ.

ಪರದೆಯ ಮೇಲಿನ ಚುಕ್ಕೆ

ಸಣ್ಣ ದೋಣಿಯ ರಾಡಾರ್ ದೊಡ್ಡ ಹಡಗಿನ ರಾಡಾರ್‌ನ ಪುಟ್ಟ ಪ್ರತಿಯಲ್ಲ ಎಂಬುದನ್ನು ಮಾರುಕಟ್ಟೆಯ ಕರಪತ್ರಗಳು ಹೇಳುವುದಿಲ್ಲ. ರಾಡಾರ್ ಹೊರಸೂಸುವ ಅಲೆಯ ಕಿರಣ ಎಷ್ಟು ಸಪೂರವಾಗಿರುತ್ತದೆಂಬುದು ಆಂಟೆನಾದ ಅಗಲವನ್ನು ಅವಲಂಬಿಸಿದೆ. ಹಡಗಿನ ಎಂಟಡಿ ಆಂಟೆನಾದ ಕಿರಣ ಸುಮಾರು ಒಂದು ಡಿಗ್ರಿ ಅಗಲ. ದೋಣಿಯ ಹಾಯಿಕಂಬದ ಮೇಲೆ ಕೂರುವ, ಒಂದೂವರೆ ಅಡಿಯ ಬುಟ್ಟಿಯಾಕಾರದ ಆಂಟೆನಾದ ಕಿರಣ ಸುಮಾರು ಐದು ಡಿಗ್ರಿ. ಒಂದು ನಾಟಿಕಲ್ ಮೈಲು ದೂರದಲ್ಲಿ ಆ ಐದು ಡಿಗ್ರಿ 160 ಮೀಟರ್ ಅಗಲವಾಗುತ್ತದೆ. ಅಷ್ಟರೊಳಗೆ ಅಕ್ಕಪಕ್ಕ ಎರಡು ದೋಣಿಗಳಿದ್ದರೆ ಪರದೆಯಲ್ಲಿ ಒಂದೇ ಚುಕ್ಕೆ. ಬಂದರಿನ ಬಾಯಿಯ ಎರಡು ಅಳಿವೆ ಗೋಡೆಗಳು ಒಂದೇ ಗೋಡೆಯಾಗಿ ಕಂಡು, ಬಾಗಿಲೇ ಇಲ್ಲವೆಂಬ ಭ್ರಮೆ ಹುಟ್ಟಿಸಬಹುದು.

ಇದರ ಜೊತೆಗೆ ದೋಣಿಯ ಓಲಾಟ. ಅಲೆಗೆ ಸಿಕ್ಕ ಸಣ್ಣ ದೋಣಿಯ ಮೂತಿ ಕ್ಷಣ ಕ್ಷಣಕ್ಕೂ ಆಚೀಚೆ ತಿರುಗುತ್ತಿರುತ್ತದೆ. ದೋಣಿಯ ಮೂತಿಯನ್ನೇ ಮೇಲ್ಮುಖವಾಗಿಟ್ಟುಕೊಂಡ ಪರದೆಯಲ್ಲಿ, ದೋಣಿ ಹತ್ತು ಡಿಗ್ರಿ ಹೊರಳಿದರೆ ಎದುರಿನ ಹಡಗಿನ ಚುಕ್ಕೆಯೂ ಹತ್ತು ಡಿಗ್ರಿ ಜಿಗಿಯುತ್ತದೆ. ಹಡಗು ಡಿಕ್ಕಿಯ ದಾರಿಯಲ್ಲಿದೆಯೇ ಎಂದು ತಿಳಿಯುವ ಮುಖ್ಯ ಉಪಾಯವೆಂದರೆ ಅದರ ದಿಕ್ಕು ಬದಲಾಗುತ್ತಿದೆಯೇ ಇಲ್ಲವೇ ಎಂದು ಗಮನಿಸುವುದು. ದಿಕ್ಕು ಬದಲಾಗದೆ ದೂರ ಮಾತ್ರ ಕಡಿಮೆಯಾಗುತ್ತಿದ್ದರೆ ಡಿಕ್ಕಿ ಖಚಿತ. ಚುಕ್ಕೆಯೇ ಕುಣಿಯುತ್ತಿರುವಾಗ ಈ ಗಮನಿಕೆ ಎಷ್ಟು ನಂಬಲರ್ಹ? ಉತ್ತಮ ದಿಕ್ಸೂಚಿಗೆ ಜೋಡಿಸಿದ ಹೊಸ ಉಪಕರಣಗಳು ಈ ದೋಷವನ್ನು ಬಹಳಷ್ಟು ತಗ್ಗಿಸಿವೆ, ಇಲ್ಲವೆನ್ನುವಂತಿಲ್ಲ. ಹಾಯಿ ಬಿಚ್ಚಿ ಒಂದು ಬದಿಗೆ ವಾಲಿದ ನೌಕೆಯಲ್ಲಿ ಆಂಟೆನಾ ಕೂಡ ವಾಲುತ್ತದೆ. ಆಗ ಒಂದು ಬದಿಯ ಕಿರಣ ನೀರಿಗೂ ಇನ್ನೊಂದು ಬದಿಯದು ಆಕಾಶಕ್ಕೂ ಹೋಗುತ್ತದೆ.

ಹಾಗೆಂದು ಯಂತ್ರವನ್ನೇ ಹಳಿಯುವುದು ಅನ್ಯಾಯ. ಹಿಂದಿನ ಸಣ್ಣ ರಾಡಾರ್‌ಗಳು ಅಪಾರ ವಿದ್ಯುತ್ ಬೇಡುತ್ತಿದ್ದವು, ಬೆಚ್ಚಗಾಗಲು ನಿಮಿಷಗಟ್ಟಲೆ ಹಿಡಿಯುತ್ತಿದ್ದವು. 2009ರ ಸುಮಾರಿನಿಂದ ಮಾರುಕಟ್ಟೆಗೆ ಬಂದ ಘನಸ್ಥಿತಿ ತಂತ್ರಜ್ಞಾನದ ರಾಡಾರ್‌ಗಳು ಕೂಡಲೇ ಚಾಲೂ ಆಗುತ್ತವೆ, ಬ್ಯಾಟರಿಯನ್ನು ಹೀರುವುದಿಲ್ಲ. ನಮ್ಮತ್ತ ಬರುತ್ತಿರುವ ವಸ್ತುವನ್ನು ಬೇರೆ ಬಣ್ಣದಲ್ಲಿ ತೋರಿಸುವ ಡಾಪ್ಲರ್ ಸೌಲಭ್ಯವೂ ಈಗ ಸಣ್ಣ ದೋಣಿಗಳಿಗೆ ಸಿಗುತ್ತದೆ. ಕಳೆದ ಇಪ್ಪತ್ತು ವರ್ಷಗಳಲ್ಲಿ ಬದಲಾಗದೆ ಉಳಿದದ್ದು ಪರದೆಯ ಮುಂದೆ ಕುಳಿತವರ ತರಬೇತಿ. ಬ್ರಿಟನ್ನಿನ ರಾಯಲ್ ಯಾಟಿಂಗ್ ಅಸೋಸಿಯೇಷನ್ ವಿಹಾರ ನಾವಿಕರಿಗೆಂದೇ ಒಂದು ದಿನದ ರಾಡಾರ್ ತರಬೇತಿ ನಡೆಸುತ್ತದೆ. ಆದರೆ ಆ ಪ್ರಮಾಣಪತ್ರವಿಲ್ಲದೆ ರಾಡಾರ್ ಮಾರಬಾರದೆಂಬ ಕಟ್ಟಳೆ ಇಲ್ಲ.

ಕಾಣುವುದಕ್ಕಿಂತ ಕಾಣಿಸಿಕೊಳ್ಳುವುದು

2006ರ ಆಗಸ್ಟ್ 20ರ ರಾತ್ರಿ ಇಂಗ್ಲೆಂಡಿನ ವೈಟ್ ದ್ವೀಪದ ಬಳಿ 'ಊಜೊ' ಎಂಬ 25 ಅಡಿಯ ಹಾಯಿದೋಣಿಯಲ್ಲಿದ್ದ ಮೂವರು ಸತ್ತರು. 'ಪ್ರೈಡ್ ಆಫ್ ಬಿಲ್ಬಾವೊ' ಎಂಬ ಫೆರಿ ದೋಣಿಗೆ ತಾಗಿತು ಅಥವಾ ಅದರ ಅಲೆಯ ಹೊಡೆತಕ್ಕೆ ದೋಣಿ ಮುಳುಗಿತು ಎಂಬುದು ತನಿಖೆಯ ತೀರ್ಮಾನ. ಅಂದು ಮಂಜಿರಲಿಲ್ಲ, ಕತ್ತಲಿತ್ತು. ಆ ಪುಟ್ಟ ದೋಣಿ ಫೆರಿಯ ರಾಡಾರ್‌ಗೆ ಗೋಚರವಾಗಿರಲೇ ಇಲ್ಲ. ಮಂಜಿನ ಚರ್ಚೆಗೆ ಈ ಪ್ರಕರಣ ಬಹಳ ಮುಖ್ಯ. ಏಕೆಂದರೆ, ಮರ ಅಥವಾ ಫೈಬರ್ ಗ್ಲಾಸಿನ ದೋಣಿ ರಾಡಾರ್ ಅಲೆಯನ್ನು ಹಿಂದಕ್ಕೆ ಕಳಿಸುವುದು ಅತ್ಯಲ್ಪ. ಅಲೆಗಳ ತಲೆಯಿಂದ ಬರುವ ಪ್ರತಿಧ್ವನಿಯ ಗಲಾಟೆಯಲ್ಲಿ ಅದು ಕರಗಿಹೋಗುತ್ತದೆ. ಆ ದುರಂತದ ಬಳಿಕ ತನಿಖಾ ಸಂಸ್ಥೆಯ ಕೋರಿಕೆಯಂತೆ ಕ್ವಿನೆಟಿಕ್ ಸಂಸ್ಥೆ 2007ರಲ್ಲಿ ಮಾರುಕಟ್ಟೆಯಲ್ಲಿದ್ದ ಪ್ರತಿಫಲಕಗಳನ್ನು ಪರೀಕ್ಷಿಸಿತು. ದೋಣಿಯವರು ಅಗ್ಗವೆಂದು ಹಗ್ಗಕ್ಕೆ ಕಟ್ಟಿಕೊಳ್ಳುತ್ತಿದ್ದ ನಾಲ್ಕಿಂಚಿನ ಸಪೂರ ಕೊಳವೆಯಂಥವು ಪ್ರಯೋಜನಕ್ಕೆ ಬಾರದವೆಂದು ಕಂಡುಬಂತು. ಬಂದ ಅಲೆಯನ್ನು ಬಲಪಡಿಸಿ ಮರಳಿ ಕಳುಹಿಸುವ ವಿದ್ಯುತ್ ಚಾಲಿತ ಪ್ರತಿಫಲಕವೇ ಎಲ್ಲಕ್ಕಿಂತ ಮೇಲೆಂದು ತಿಳಿಯಿತು.

ಈಗ ಬಹುಪಾಲು ಯಾಟ್ ಮಾಲೀಕರ ಒಲವು ಎಐಎಸ್ ಕಡೆಗೆ. ಅದು ರಾಡಾರ್‌ಗಿಂತ ಅಗ್ಗ. ಸಣ್ಣ ದೋಣಿಗಳಿಗೆಂದೇ ರೂಪಿಸಿದ 'ಬಿ' ದರ್ಜೆಯ ಸಾಧನ ಹಡಗಿನ ಪರದೆಯ ಮೇಲೆ ದೋಣಿಯ ಹೆಸರನ್ನೇ ಮೂಡಿಸುತ್ತದೆ. ಆದರೆ ಅದಕ್ಕೂ ಮಿತಿಗಳಿವೆ. ಆ ದರ್ಜೆಯ ಸಾಮಾನ್ಯ ಸಾಧನ ಅರ್ಧ ನಿಮಿಷಕ್ಕೊಮ್ಮೆ ಮಾತ್ರ ತನ್ನ ಸ್ಥಾನ ಹೇಳುತ್ತದೆ. ಅಷ್ಟರಲ್ಲಿ 25 ನಾಟ್ ವೇಗದ ಹಡಗು 380 ಮೀಟರಿಗೂ ಹೆಚ್ಚು ಮುಂದೆ ಬಂದಿರುತ್ತದೆ. ಇನ್ನೂ ಮುಖ್ಯವಾದದ್ದು: ಎಐಎಸ್ ಇಟ್ಟುಕೊಂಡವರು ಮಾತ್ರ ಎಐಎಸ್‌ನಲ್ಲಿ ಕಾಣುತ್ತಾರೆ. ಬಂಡೆ, ತೇಲುವ ಮರದ ದಿಮ್ಮಿ, ಸಾಧನವಿಲ್ಲದ ನಾಡದೋಣಿ ಯಾವುದೂ ಅದಕ್ಕೆ ಗೊತ್ತಾಗುವುದಿಲ್ಲ. ರಾಡಾರ್ ಯಾರ ಸಹಕಾರವನ್ನೂ ಕೇಳದೆ ನೋಡುತ್ತದೆ. 'ಎಐಎಸ್ ಇದ್ದರೆ ರಾಡಾರ್ ಏಕೆ' ಎನ್ನುವವರಿಗೆ ಇದೇ ಉತ್ತರ.

ರಾಡಾರ್ ಬೇಕೇಬೇಕು ಎನ್ನುವವರ ಪ್ರಬಲ ವಾದವೂ ಇಲ್ಲಿಂದಲೇ ಹುಟ್ಟುತ್ತದೆ. ಅಮೆರಿಕದ ಈಶಾನ್ಯ ಮೂಲೆಯ ಮೇನ್ ರಾಜ್ಯದ ಕರಾವಳಿಯನ್ನೇ ತೆಗೆದುಕೊಳ್ಳಬಹುದು. ತಣ್ಣನೆಯ ನೀರಿನ ಮೇಲೆ ದಕ್ಷಿಣದ ಬೆಚ್ಚನೆಯ ತೇವದ ಗಾಳಿ ಹಾದಾಗ ಅಲ್ಲಿ ಬೇಸಿಗೆಯುದ್ದಕ್ಕೂ ಮಂಜು ಏಳುತ್ತದೆ. ವಿಹಾರ ದೋಣಿಗಳು ಹೊರಡುವ ಕಾಲವೂ ಅದೇ. ತೀರದ ತುಂಬ ಬಂಡೆ, ದ್ವೀಪ. ಅಂಥ ಕಡೆ ಬೆಳಿಗ್ಗೆ ಶುಭ್ರವಿದ್ದು ಹೊರಟ ದೋಣಿ ಮಧ್ಯಾಹ್ನ ಮಂಜಿನೊಳಗೆ ಸಿಲುಕುವುದು ದಿನನಿತ್ಯದ ಮಾತು. 'ಮಂಜಿದ್ದರೆ ಹೊರಡಬೇಡಿ' ಎಂಬ ಉಪದೇಶ ಅವರಿಗೆ ಉಪಯೋಗವಿಲ್ಲ. ಅಲ್ಲಿ ಅನುಭವಿಗಳು ರಾಡಾರನ್ನು ಅಗತ್ಯವೆನ್ನುವುದು ಸರಿಯಾಗಿಯೇ ಇದೆ.

ಅದೇ ಕರಾವಳಿಯಲ್ಲಿ ಇನ್ನೊಂದು ಮುಖವೂ ಉಂಟು. ರಾಡಾರ್ ಇರುವ ದೋಣಿಯವರಿಗೆ ಪರದೆ ಖಾಲಿ ಕಂಡರೆ ವೇಗ ಹೆಚ್ಚಿಸುವ ಧೈರ್ಯ ಬರುತ್ತದೆ. ನೀರಿನ ಮಟ್ಟದಲ್ಲಿ ಕುಳಿತು ಹುಟ್ಟು ಹಾಕುವ ಪ್ಲಾಸ್ಟಿಕ್ ಕಯಾಕ್ ಆ ಪರದೆಯ ಮೇಲೆ ಬೀಳುವುದೇ ಇಲ್ಲ. ಒಬ್ಬರ ಕಣ್ಣು ಚುರುಕಾದಂತೆ ಇನ್ನೊಬ್ಬರ ಅಪಾಯ ಹೆಚ್ಚಾಗುವ ಈ ಸ್ಥಿತಿಯನ್ನು 'ಎಲ್ಲರಿಗೂ ರಾಡಾರ್ ಕಡ್ಡಾಯ' ಎಂಬ ಒಂದು ಸಾಲಿನ ಆದೇಶ ಸರಿಪಡಿಸಲಾರದು.

ರಾಡಾರ್ ಇಲ್ಲದವರ ದಾರಿ ಯಾವುದು? ಹಳೆಯ ನಾವಿಕರ ಉತ್ತರ ಈಗಲೂ ಹಳತಾಗಿಲ್ಲ. ಮಂಜು ಮುಸುಕತೊಡಗಿದೊಡನೆ ಇರುವ ಸ್ಥಾನವನ್ನು ಗುರುತಿಸಿಕೊಂಡು ಹಡಗುಗಳ ದಾರಿಯಿಂದ ಹೊರಬೀಳಬೇಕು. ದೊಡ್ಡ ಹಡಗು ಬರಲಾಗದಷ್ಟು ಆಳ ಕಡಿಮೆಯಿರುವ ನೀರಿಗೆ ಸರಿದು ಲಂಗರು ಹಾಕಬೇಕು. ಜೀವರಕ್ಷಕ ಅಂಗಿ ತೊಡಬೇಕು. ಆಗಾಗ ಎಂಜಿನ್ ನಿಲ್ಲಿಸಿ ಕಿವಿಗೊಡಬೇಕು. ಯಂತ್ರದಿಂದ ಸಾಗುವ ನೌಕೆ ಎರಡು ನಿಮಿಷಕ್ಕೆ ಮೀರದಂತೆ ಒಂದು ದೀರ್ಘ ಸದ್ದನ್ನೂ, ಹಾಯಿನೌಕೆ ಒಂದು ದೀರ್ಘ ಎರಡು ಹ್ರಸ್ವ ಸದ್ದನ್ನೂ ಮಾಡಬೇಕೆಂದು ನಿಯಮವಿದೆ. 12 ಮೀಟರಿಗಿಂತ ಚಿಕ್ಕ ದೋಣಿ ಇದೇ ಕ್ರಮವನ್ನು ಪಾಲಿಸಬೇಕಿಲ್ಲವಾದರೂ, ಅಷ್ಟೇ ಅವಧಿಗೊಮ್ಮೆ ಕೇಳಿಸುವಂಥ ಬೇರಾವುದಾದರೂ ಸದ್ದು ಮಾಡಲೇಬೇಕು. ಮಂಜಿನಲ್ಲಿ ಸದ್ದು ಬಂದ ದಿಕ್ಕನ್ನು ಕಿವಿ ತಪ್ಪಾಗಿ ಹೇಳುವುದುಂಟು ಎಂಬುದೂ ಅನುಭವದ ಮಾತು.

ನಮ್ಮ ಕರಾವಳಿಯ ಲೆಕ್ಕ

ಈ ಚರ್ಚೆ ಕಾರವಾರದಿಂದ ಮಂಗಳೂರಿನವರೆಗಿನ ನಮ್ಮ ಕರಾವಳಿಗೆ ಎಷ್ಟು ಸಂಬಂಧಿಸಿದೆ? ಅರಬ್ಬಿ ಸಮುದ್ರದ ನೀರು ಬೆಚ್ಚಗಿರುವುದರಿಂದ ಮೇನ್‌ನಂಥ ದಟ್ಟ ಕಡಲಮಂಜು ಇಲ್ಲಿ ಅಪರೂಪ. ಉತ್ತರದಲ್ಲಿ ಗಂಗೆ, ಬ್ರಹ್ಮಪುತ್ರಗಳ ಮೇಲೆ ಚಳಿಗಾಲದಲ್ಲಿ ಕವಿಯುವುದು ಬೇರೆ ಬಗೆಯ ಮಂಜು; ರಾತ್ರಿ ನೆಲ ತಣಿದು ಹುಟ್ಟುವಂಥದ್ದು. ಅಂಥ ಮುಂಜಾವುಗಳಲ್ಲಿ ವಾರಾಣಸಿಯ ದೋಣಿ ವಿಹಾರವನ್ನೂ ಅಸ್ಸಾಮಿನ ಫೆರಿಗಳನ್ನೂ ತಡೆಹಿಡಿಯುವುದೇ ರೂಢಿಯಲ್ಲಿರುವ ಕ್ರಮ. ನಮ್ಮಲ್ಲಿ ಗೋಚರತೆಯನ್ನು ನುಂಗುವುದು ಮುಖ್ಯವಾಗಿ ಮಳೆ. ಮುಂಗಾರಿಗೆ ಮುಂಚಿನ ಏಪ್ರಿಲ್, ಮೇ ತಿಂಗಳ ಗುಡುಗುಮಳೆ, ಅಕ್ಟೋಬರ್‌ನ ಹಿಂಗಾರಿನ ಮಳೆ ಕೆಲವೇ ನಿಮಿಷಗಳಲ್ಲಿ ತೀರವನ್ನು ಅಳಿಸಿಹಾಕುತ್ತವೆ.

ಇಲ್ಲಿಯೇ ಒಂದು ತಾಂತ್ರಿಕ ಸೂಕ್ಷ್ಮವಿದೆ. ಸಣ್ಣ ದೋಣಿಯ ರಾಡಾರ್ ಬಳಸುವುದು ಸುಮಾರು ಮೂರು ಸೆಂಟಿಮೀಟರ್ ಉದ್ದದ ಅಲೆ. ಮಂಜಿನ ಹನಿ ತೀರ ಸೂಕ್ಷ್ಮವಾದ್ದರಿಂದ ಆ ಅಲೆ ಮಂಜನ್ನು ಸುಲಭವಾಗಿ ದಾಟುತ್ತದೆ. ಮಳೆಹನಿ ದಪ್ಪ, ಅದು ಅದೇ ಅಲೆಯನ್ನು ಚದುರಿಸಿ ಪರದೆಯ ತುಂಬ ಬಿಳಿ ಮುಸುಕು ಎಳೆಯುತ್ತದೆ. ಆ ಮುಸುಕನ್ನು ಗುಂಡಿ ತಿರುಗಿಸಿ ತೆಗೆದರೆ ಅದರೊಡನೆ ಸಣ್ಣ ದೋಣಿಯ ಚುಕ್ಕೆಯೂ ಅಳಿಸಿಹೋಗಬಹುದು. ಮಳೆಯನ್ನು ಚೆನ್ನಾಗಿ ಭೇದಿಸುವ ಹತ್ತು ಸೆಂಟಿಮೀಟರ್ ಅಲೆಯ ರಾಡಾರ್‌ಗೆ ಭಾರಿ ಆಂಟೆನಾ ಬೇಕು, ಅದು ಹಡಗುಗಳಿಗೆ ಸರಿ. ಹೀಗಾಗಿ ಇಂಗ್ಲಿಷ್ ಕಡಲ್ಗಾಲುವೆಯ ಮಂಜಿನಲ್ಲಿ ಉಪಕಾರಿಯಾದ ಸಾಧನವನ್ನು ಮಲ್ಪೆಯ ಮಳೆಗೆ ಹಾಗೆಯೇ ಶಿಫಾರಸು ಮಾಡುವಂತಿಲ್ಲ.

ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವ ದೋಣಿಗಳು ಸಾಗುವುದು ಆರೇಳು ಕಿಲೋಮೀಟರ್. ಮಳೆಗಾಲದಲ್ಲಿ ಆ ಸಂಚಾರ ಬಂದ್ ಇರುತ್ತದೆ. ಮುರುಡೇಶ್ವರದಿಂದ ನೇತ್ರಾಣಿಗೆ ಸ್ಕೂಬಾ ಆಸಕ್ತರನ್ನು ಒಯ್ಯುವ ದೋಣಿಗಳು ಇದಕ್ಕಿಂತ ಬಹಳ ದೂರ, ಸುಮಾರು 19 ಕಿಲೋಮೀಟರ್, ತೆರೆದ ಸಮುದ್ರಕ್ಕೆ ಹೋಗುತ್ತವೆ. ಇಂಥ ದೋಣಿಗೆ ರಾಡಾರ್ ಕೂರಿಸಿದರೂ, ಮೂರ್ನಾಲ್ಕು ಮೀಟರ್ ಎತ್ತರದ ಕಂಬ, ನಿರಂತರ ವಿದ್ಯುತ್, ಚುಕ್ಕಾಣಿ ಹಿಡಿದವರಲ್ಲದೆ ಪರದೆ ನೋಡಲು ಇನ್ನೊಬ್ಬ ವ್ಯಕ್ತಿ ಎಲ್ಲವೂ ಬೇಕಾಗುತ್ತವೆ. ಮೂರನೆಯದು ಬಹುತೇಕ ಕಡೆ ಇರುವುದಿಲ್ಲ. ಒಬ್ಬನೇ ಚಾಲಕ ಪರದೆಗೆ ಕಣ್ಣು ನೆಟ್ಟರೆ ಎದುರಿನ ನೀರನ್ನು ನೋಡುವವರಾರು?

ಕಾಣಿಸಿಕೊಳ್ಳದ ದೋಣಿಯ ಪಾಡನ್ನು ನಮ್ಮ ಕಡಲು ನೋಡಿದೆ. ಕೇರಳದ ಬೇಪೂರಿನಿಂದ ಹೊರಟಿದ್ದ 'ರಬಾಹ್' ಎಂಬ ಮೀನುಗಾರಿಕೆ ದೋಣಿಗೂ ಸಿಂಗಪುರ ಧ್ವಜದ 'ಎಪಿಎಲ್ ಲೆ ಹಾವ್ರ್' ಹಡಗಿಗೂ 2021ರ ಏಪ್ರಿಲ್ 13ರ ನಸುಕಿನಲ್ಲಿ ಮಂಗಳೂರಿನಿಂದ 40ಕ್ಕೂ ಹೆಚ್ಚು ನಾಟಿಕಲ್ ಮೈಲು ದೂರದಲ್ಲಿ ಡಿಕ್ಕಿಯಾಯಿತು. ದೋಣಿಯಲ್ಲಿದ್ದ 14 ಮಂದಿಯಲ್ಲಿ ಬದುಕಿ ಬಂದವರು ಇಬ್ಬರು. ಅಲ್ಲಿಯೂ ಹಡಗಿನಲ್ಲಿ ರಾಡಾರ್ ಕೊರತೆ ಇರಲಿಲ್ಲ.

ಮೀನುಗಾರಿಕೆ ದೋಣಿಗಳಿಗೆ ಒಂದು ಲಕ್ಷ ಟ್ರಾನ್ಸ್‌ಪಾಂಡರ್ ಅಳವಡಿಸುವ ಕೇಂದ್ರದ ಯೋಜನೆಗೆ 2024ರ ಆಗಸ್ಟ್ 30ರಂದು ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ ಪ್ರಧಾನಿ ಚಾಲನೆ ನೀಡಿದರು. ಸುಮಾರು 364 ಕೋಟಿ ರೂಪಾಯಿಯ ಈ ಯೋಜನೆ ಸ್ವಾಗತಾರ್ಹ. ಆದರೆ ಅದು ಮುಖ್ಯವಾಗಿ ಉಪಗ್ರಹದ ಮೂಲಕ ತೀರದೊಂದಿಗೆ ಸಂದೇಶ ವಿನಿಮಯಕ್ಕೆ, ಅಪಾಯದ ಕರೆಗೆ ರೂಪಿಸಿದ ವ್ಯವಸ್ಥೆ. ಎದುರಿನ ಹಡಗಿನ ಪರದೆಯಲ್ಲಿ ದೋಣಿಯನ್ನು ಮೂಡಿಸುವ ಕೆಲಸಕ್ಕೆ ಅದನ್ನು ಬದಲಿಯೆಂದು ತಿಳಿಯಬಾರದು. ಪ್ರವಾಸಿ ದೋಣಿಗಳು ಈ ಯೋಜನೆಯ ವ್ಯಾಪ್ತಿಯಲ್ಲೂ ಇಲ್ಲ.

ಪ್ರವಾಸಿಗರಿಂದ ಹಣ ಪಡೆದು ತೆರೆದ ಸಮುದ್ರಕ್ಕೆ ಒಯ್ಯುವ ದೋಣಿಗೆ ಮೊದಲು ಬೇಕಾದದ್ದು ಉತ್ತಮ ಪ್ರತಿಫಲಕ, ಹಾರ್ನ್, ವಿಎಚ್‌ಎಫ್ ರೇಡಿಯೊ, 'ಬಿ' ದರ್ಜೆಯ ಎಐಎಸ್ ಮತ್ತು ಕಾವಲಿಗೊಬ್ಬ ಎರಡನೆಯ ವ್ಯಕ್ತಿ. ಇವೆಲ್ಲ ಇದ್ದು, ಹಡಗುಗಳ ದಾರಿಯನ್ನು ದಾಟುವ ದೋಣಿಯಾದರೆ ರಾಡಾರ್ ಮಾತು ಬರುತ್ತದೆ. ಅದೂ ರೈನ್ ನದಿಯಂತೆ ತರಬೇತಿಯ ಪ್ರಮಾಣಪತ್ರದ ಸಮೇತ. ಸ್ವಂತ ಖುಷಿಗೆ ದೋಣಿ ಇಟ್ಟುಕೊಂಡವರ ಮೇಲೆ ಲಕ್ಷಾಂತರ ರೂಪಾಯಿಯ ಯಂತ್ರ ಹೇರುವುದರಲ್ಲಿ ಅರ್ಥವಿಲ್ಲ.

2019ರ ಜನವರಿ 21ರಂದು ಕಾರವಾರದ ಕೂರ್ಮಗಡದ ಜಾತ್ರೆಯ ದಿನ ದೋಣಿ ಮಗುಚಿ 16 ಮಂದಿ ಜಲಸಮಾಧಿಯಾದರು. ಅಂದು ಮಂಜೂ ಇರಲಿಲ್ಲ, ಹಡಗೂ ಡಿಕ್ಕಿ ಹೊಡೆದಿರಲಿಲ್ಲ. ದೋಣಿಯಲ್ಲಿ ಮಿತಿಗಿಂತ ಹೆಚ್ಚು ಜನರಿದ್ದರು. ಹೊರಡುವುದು ಬೇಡ ಎಂದು ಜೆಟ್ಟಿಯಲ್ಲಿ ನಿಂತು ಹೇಳುವ ಅಧಿಕಾರ ಯಾರದು, ಎಷ್ಟು ಮೀಟರಿಗೆ ಗೋಚರತೆ ಇಳಿದರೆ ದೋಣಿ ಬಿಡಬಾರದು, ಅರ್ಧ ದಾರಿಯಲ್ಲಿ ಮಳೆ ಮುಸುಕಿದರೆ ಯಾವ ವಾಹಿನಿಯಲ್ಲಿ ಯಾರನ್ನು ಕರೆಯಬೇಕು, ಮುಂಗಡ ಹಣ ಕೊಟ್ಟ ಪ್ರವಾಸಿಗೆ ವಿಹಾರ ರದ್ದಾದಾಗ ಹಣ ಮರಳುತ್ತದೆಯೇ ಎಂಬುದನ್ನು ಪ್ರತಿ ಜೆಟ್ಟಿಯಲ್ಲೂ ಕನ್ನಡದಲ್ಲಿ ಬರೆದು ತೂಗುಹಾಕಲು ಯಾವ ವಿದೇಶಿ ಉಪಕರಣವೂ ಬೇಕಿಲ್ಲ. ಇವುಗಳಲ್ಲಿ ಕೊನೆಯದು ಬಂದರು ಅಧಿಕಾರಿಗಳಿಗೆ ಕ್ಷುಲ್ಲಕವೆನಿಸಬಹುದು. ಆದರೆ ಹವೆ ಕೆಟ್ಟ ಬೆಳಿಗ್ಗೆ ದೋಣಿ ಹೊರಡುವುದೋ ನಿಲ್ಲುವುದೋ ಎಂಬುದು ಅನೇಕ ಬಾರಿ ಆ ಮುಂಗಡ ಹಣದ ಮೇಲೆಯೇ ತೀರ್ಮಾನವಾಗುತ್ತದೆ.